ಟ್ರಾಕ್ಟರಿನ ನೇಗಿಲನ್ನೆತ್ತುವ ತೈಲಬಲವೂ ಅದರ ದೋಷಪರೀಕ್ಷೆಯೂ

೧. ಪೀಠಿಕೆ

ಶಿವಮೊಗ್ಗೆಯಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಕುಂಸಿಗಿಂತ ಮೊದಲು ಸಿಕ್ಕುವ ಆಯನೂರು ಒಂದು ಹೋಬಳಿಯ ಕೇಂದ್ರ. ಮಲೆನಾಡು ತೆಳುವಾಗಿ ಬಯಲುಸೀಮೆಯೊಡನೆ ಕೂಡುವ ಈ ಎಡೆಯಲ್ಲಿ ತಗ್ಗಿನ ಗದ್ದೆಗಳಲ್ಲಿ ಬತ್ತವೂ, ಮಕ್ಕಿಯ ಹೊಲಗಳಲ್ಲಿ ಮುಸುಕಿನ ಜೋಳ ಶುಂಠಿಗಳೂ, ನೀರಿನ ಆಸರೆಯುಳ್ಳ ಕಡೆ ಅಡಕೆಯೂ ಬೆಳೆಯುತ್ತವೆ. ಹಿಂದೆ ಎತ್ತುಗಳು ಎಳೆಯುತ್ತಿದ್ದ ನೇಗಿಲನ್ನು ಇಂದು ಬಹುಮಟ್ಟಿಗೆ ಟ್ರಾಕ್ಟರೇ ಹೊತ್ತು ನಡೆಯುತ್ತದೆ. ಹೊತ್ತು ಎಂಬ ಮಾತನ್ನು ಇಲ್ಲಿ ವಾಚ್ಯಾರ್ಥದಲ್ಲಿಯೇ ಗ್ರಹಿಸತಕ್ಕದ್ದು. ಏಕೆಂದರೆ ಈ ಯಂತ್ರವು ನೇಗಿಲನ್ನು ಎಳೆಯುವುದು ಮಾತ್ರವಲ್ಲದೆ, ಸಾಲಿನ ಕೊನೆಯಲ್ಲಿ ಅದನ್ನು ನೆಲದಿಂದ ಮೇಲೆತ್ತಿ, ತಿರುಗಿ, ಮರಳಿ ಮಣ್ಣಿಗೆ ಇಳಿಸುತ್ತದೆ. ಈ ಎತ್ತುವ ಇಳಿಸುವ ಕಾರ್ಯವೆಲ್ಲವೂ ತೈಲದ ಒತ್ತಡದಿಂದ ನಡೆಯುವುದು. ಚಾಲಕರು ಇದನ್ನು ಆಡುಮಾತಿನಲ್ಲಿ ಹೈಡ್ರಾಲಿಕ್ಕು ಎನ್ನುವರು.

ರೋಹಿಣಿ ಮೃಗಶಿರ ಮಳೆಗಳು ಬಿದ್ದು ನೆಲಕ್ಕೆ ಹದ ಬಂದಾಗ, ಆ ಹದವು ಕೆಲವೇ ದಿನಗಳ ಕಾಲ ನಿಲ್ಲುವುದು. ಬಾಡಿಗೆಗೆ ಉಳುವ ಒಂದು ಟ್ರಾಕ್ಟರನ್ನು ಅನೇಕ ಮನೆಗಳವರು ನೆಚ್ಚಿಕೊಂಡಿರುವರು. ಇಂತಹ ಸಮಯದಲ್ಲಿ ಹೊಲದ ನಡುವೆ ನೇಗಿಲು ಮೇಲೇಳದೆ ನಿಂತುಹೋದರೆ, ಹಾನಿಯು ಯಂತ್ರದ ಒಡೆಯನ ಒಂದೆರಡು ದಿನದ ಸಂಪಾದನೆಗೆ ಮಾತ್ರ ಸೀಮಿತವಾಗುವುದಿಲ್ಲ; ಸರದಿಗಾಗಿ ಕಾದಿರುವ ಸಣ್ಣ ಹಿಡುವಳಿದಾರರ ಬಿತ್ತನೆಯೇ ತಪ್ಪುವುದು. ಆತುರದಲ್ಲಿ ಮೊದಲು ತಪ್ಪು ಹೊರಿಸಲ್ಪಡುವುದು ಪಂಪಿನ ಮೇಲೆ. ಅದು ಹೆಚ್ಚು ಬೆಲೆಯ ಅಂಗ. ಅದನ್ನು ಬಿಚ್ಚುವುದು ಹೆಚ್ಚು ಶ್ರಮದ ಕೆಲಸ. ಹೊಸ ಪಂಪನ್ನು ಕೂಡಿಸಿದ ಮೇಲೂ ಹಳೆಯ ದೋಷ ಉಳಿಯುವುದುಂಟು. ಹಳೆಯ ಪಂಪನ್ನು ಕೆಡಿಸಿದ ಕಸವೇ ಹೊಸತನ್ನೂ ಕೆಡಿಸುವುದುಂಟು.

ಆದುದರಿಂದ ದೋಷವನ್ನು ಊಹೆಯಿಂದಲ್ಲದೆ ಕ್ರಮದಿಂದ ಹುಡುಕುವುದು ಅವಶ್ಯಕ. ಆ ಕ್ರಮಕ್ಕೆ ಆಧಾರವು ಒಂದೇ: ತೈಲವು ಯಾವ ದಾರಿಯಲ್ಲಿ ಹರಿಯುವುದೋ ಪರೀಕ್ಷಕನ ಬುದ್ಧಿಯೂ ಅದೇ ದಾರಿಯಲ್ಲಿ ನಡೆಯಬೇಕು, ಕೈಯಾದರೋ ಸುಲಭವಾದುದರಿಂದ ಮೊದಲುಮಾಡಿ ಕಷ್ಟವಾದುದರಲ್ಲಿ ಮುಗಿಸಬೇಕು.

೨. ತತ್ತ್ವವೂ ಅದರ ಚರಿತ್ರೆಯೂ

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದೆಡೆಯಲ್ಲಿ ಒತ್ತಡವನ್ನು ಹಾಕಿದರೆ, ಅದು ಕುಂದದೆ ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುವುದೆಂಬ ನಿಯಮವನ್ನು ಫ್ರೆಂಚ್ ವಿದ್ವಾಂಸನಾದ ಬ್ಲೇಸ್ ಪ್ಯಾಸ್ಕಲನು ನಿರೂಪಿಸಿದನು. ಆತನ ಗ್ರಂಥವು ಆತನು ತೀರಿಕೊಂಡ ಮರುವರ್ಷ, ಎಂದರೆ ೧೬೬೩ರಲ್ಲಿ, ಪ್ರಕಟವಾಯಿತು. ಈ ನಿಯಮವನ್ನು ಕೆಲಸಕ್ಕೆ ತಂದು ಇಂಗ್ಲೆಂಡಿನ ಜೋಸೆಫ್ ಬ್ರಾಮನು ದ್ರವದಿಂದ ಒತ್ತುವ ಯಂತ್ರಕ್ಕೆ ೧೭೯೫ರಲ್ಲಿ ಸ್ವಾಮ್ಯಪತ್ರವನ್ನು ಪಡೆದನು.

ನೇಗಿಲಿಗೆ ಇದನ್ನು ಸಮರ್ಪಕವಾಗಿ ಅಳವಡಿಸಿದ ಕೀರ್ತಿ ಐರ್ಲೆಂಡಿನ ಹ್ಯಾರಿ ಫರ್ಗುಸನ್ನನಿಗೆ ಸಲ್ಲುತ್ತದೆ. ನೇಗಿಲನ್ನು ಟ್ರಾಕ್ಟರಿನ ಹಿಂದೆ ಸರಪಳಿಯಿಂದ ಕಟ್ಟಿ ಎಳೆಯುವ ಬದಲು, ಕೆಳಗೆರಡು ಮೇಲೊಂದು ಹೀಗೆ ಮೂರು ಕೊಂಡಿಗಳಿಂದ ಯಂತ್ರದ ಅಂಗವೇ ಆಗುವಂತೆ ಕೂಡಿಸಿ, ತೈಲಬಲದಿಂದ ಅದರ ಆಳವನ್ನು ನಿಯಮಿಸುವ ಉಪಾಯವನ್ನು ಆತನು ಕಂಡುಹಿಡಿದನು. ಇದರ ಸ್ವಾಮ್ಯಪತ್ರ ೧೯೨೬ರಲ್ಲಿ ದೊರೆಯಿತು. ಈ ಏರ್ಪಾಡುಳ್ಳ ಟ್ರಾಕ್ಟರು ೧೯೩೬ರಲ್ಲಿ ಮಾರಾಟಕ್ಕೆ ಬಂದಿತು. ಹೆನ್ರಿ ಫೋರ್ಡನ ಸಹಕಾರದಿಂದ ೧೯೩೯ರಲ್ಲಿ ಅಮೆರಿಕದಲ್ಲಿಯೂ ಹರಡಿತು. ಇಂದು ಕರ್ನಾಟಕದ ಹೊಲಗಳಲ್ಲಿ ಕಾಣುವ ಟ್ರಾಕ್ಟರುಗಳು ಯಾವ ಹೆಸರಿನವಾದರೂ, ಅವುಗಳ ಬೆನ್ನಿನ ಮೂರು ಕೊಂಡಿಗಳು ಅದೇ ವಂಶದವು.

ಈ ಉಪಾಯದ ಸೊಗಸನ್ನು ಎತ್ತಿನ ನೇಗಿಲನ್ನು ಬಲ್ಲವರು ಬೇಗನೆ ತಿಳಿಯುವರು. ಉಳುವವನ ಕೈ ಮೇಳಿಯ ಮೇಲಿರುತ್ತಿತ್ತು. ನೆಲ ಗಟ್ಟಿಯಾಗಿ ಎತ್ತುಗಳು ತಿಣುಕಿದರೆ ಅವನು ಮೇಳಿಯನ್ನು ಸಡಿಲಿಸಿ ಕುಳವನ್ನು ತುಸು ಮೇಲಕ್ಕೆ ತರುತ್ತಿದ್ದನು. ನೆಲ ಮೆದುವಾದರೆ ಅದುಮುತ್ತಿದ್ದನು. ಟ್ರಾಕ್ಟರಿನಲ್ಲಿ ಕೊಂಡಿಯ ಮೇಲೆ ಬೀಳುವ ಎಳೆತವು ಒಂದು ಸ್ಪ್ರಿಂಗನ್ನು ಒತ್ತಿ, ಅದರ ಮೂಲಕ ತೈಲದ ಕವಾಟವನ್ನು ಅಲುಗಿಸಿ ಈ ಕೆಲಸವನ್ನೇ ಮಾಡುತ್ತದೆ. ಮೇಳಿಯ ಮೇಲಿನ ಕೈಯ ಕೆಲಸ ತೈಲಕ್ಕೆ ಬಂದಿತೆಂದು ಹೇಳಬಹುದು.

೩. ತೈಲದ ದಾರಿ

ಈ ಏರ್ಪಾಡನ್ನು ಕೆರೆಯ ಉಪಮಾನದಿಂದ ವಿವರಿಸುವುದು ಸುಲಭ. ಗೇರುಗಳ ಪೆಟ್ಟಿಗೆಯ ಒಳಗೆ, ಇಲ್ಲವೆ ಬೇರೆಯಾದ ಕೋಶದಲ್ಲಿ ತುಂಬಿರುವ ತೈಲವೇ ಕೆರೆ. ಅಲ್ಲಿಂದ ಒಂದು ಜಾಲರಿಯ ಮೂಲಕ ಪಂಪು ತೈಲವನ್ನು ಹೀರಿ ಮುಂದಕ್ಕೆ ನೂಕುತ್ತದೆ. ನೂಕಿದ ತೈಲವು ನಿಯಾಮಕ ಕವಾಟಕ್ಕೆ ಬರುವುದು. ಇದು ಕೆರೆಯ ತೂಬಿನಂತೆ. ಚಾಲಕನ ಕೈಪಿಡಿಯು ಇದನ್ನು ತೆರೆದಾಗ ತೈಲವು ಸಿಲಿಂಡರೆಂಬ ಉರುಳೆಯನ್ನು ಹೊಕ್ಕು ಅದರೊಳಗಿನ ಪಿಸ್ಟನ್ನನ್ನು ತಳ್ಳುವುದು. ಪಿಸ್ಟನ್ನು ಅಡ್ಡದಂಡವನ್ನು ತಿರುಗಿಸಿ ಎರಡು ತೋಳುಗಳನ್ನು ಮೇಲೆತ್ತುವುದು, ತೋಳುಗಳು ನೇಗಿಲನ್ನೆತ್ತುವುವು. ಇಳಿಸುವಾಗ ಪಂಪಿನ ಕೆಲಸವೇನೂ ಇಲ್ಲ. ಕವಾಟವು ಹಿಂದಿರುಗುವ ದಾರಿಯನ್ನು ತೆರೆದರೆ ನೇಗಿಲಿನ ತೂಕವೇ ತೈಲವನ್ನು ಕೆರೆಗೆ ಮರಳಿಸುವುದು.

ಒತ್ತಡ ಮಿತಿಮೀರದಂತೆ ಮತ್ತೊಂದು ಕವಾಟವುಂಟು. ನೀರು ಹೆಚ್ಚಾದಾಗ ಕೋಡಿ ಬಿದ್ದು ಏರಿ ಉಳಿಯುವಂತೆ, ಒತ್ತಡ ಹೆಚ್ಚಾದಾಗ ಈ ಕವಾಟ ತೆರೆದುಕೊಂಡು ಕೊಳವೆಗಳೂ ಪಂಪೂ ಒಡೆಯದಂತೆ ಕಾಯುವುದು. ಇದನ್ನು ಇಲ್ಲಿ ಕೋಡಿಕವಾಟವೆಂದು ಕರೆಯಬಹುದು.

ಒಂದು ಲೆಕ್ಕದಿಂದ ಇದರ ಬಲ ಸ್ಪಷ್ಟವಾಗುವುದು. ಉರುಳೆಯ ಒಳವ್ಯಾಸ ೮ ಸೆಂಟಿಮೀಟರಾದರೆ ಪಿಸ್ಟನ್ನಿನ ಮುಖ ಸುಮಾರು ೫೦ ಚದರ ಸೆಂಟಿಮೀಟರು. ಪ್ರತಿ ಚದರ ಸೆಂಟಿಮೀಟರಿಗೆ ೧೫೦ ಕಿಲೋಗ್ರಾಮಿನ ಒತ್ತಡವಿದ್ದರೆ ಪಿಸ್ಟನ್ನಿನ ಮೇಲೆ ೭೫೦೦ ಕಿಲೋಗ್ರಾಮಿನ ಬಲ ಬೀಳುವುದು. ಪಿಸ್ಟನ್ನು ಅಲ್ಪ ದೂರ ಚಲಿಸಿ ತೋಳಿನ ತುದಿ ಬಹುದೂರ ಚಲಿಸಬೇಕಾದುದರಿಂದ, ಸನ್ನೆಯ ನ್ಯಾಯದಂತೆ ತುದಿಯಲ್ಲಿ ಇದರ ಒಂದಂಶ ಮಾತ್ರ ಉಳಿಯುವುದು. ಆದರೂ ನೇಗಿಲಿಗೆ ಅದು ಸಾಕು. ಇನ್ನು ಪಿಸ್ಟನ್ನು ೧೦ ಸೆಂಟಿಮೀಟರು ಚಲಿಸಲು ಅರ್ಧ ಲೀಟರು ತೈಲ ಬೇಕು. ನಿಮಿಷಕ್ಕೆ ೨೦ ಲೀಟರು ನೂಕುವ ಪಂಪು ಅದನ್ನು ಒಂದೂವರೆ ಸೆಕೆಂಡಿನಲ್ಲಿ ಒದಗಿಸುವುದು. ತೈಲದಲ್ಲಿ ಮುಕ್ಕಾಲು ಪಾಲು ದಾರಿಯಲ್ಲಿ ಸೋರಿಹೋದರೆ ಅದೇ ಕೆಲಸಕ್ಕೆ ಆರು ಸೆಕೆಂಡು ಬೇಕಾಗುವುದು.

೪. ಮೂರು ಬಗೆಯ ಲಕ್ಷಣಗಳು

ಮೇಲಿನ ಲೆಕ್ಕದಿಂದ ಒಂದು ಮುಖ್ಯ ವಿಷಯ ಹೊರಪಡುವುದು. ವೇಗಕ್ಕೆ ಕಾರಣ ತೈಲದ ಪ್ರಮಾಣ. ಬಲಕ್ಕೆ ಕಾರಣ ತೈಲದ ಒತ್ತಡ. ಎತ್ತಿದುದು ನಿಲ್ಲುವುದಕ್ಕೆ ಕಾರಣ ತೈಲದ ತಡೆ. ಇವು ಮೂರನ್ನೂ ಬೆರಸಿ "ಲಿಫ್ಟು ಕೆಟ್ಟಿದೆ" ಎಂದು ಒಂದೇ ಮಾತಿನಲ್ಲಿ ಹೇಳುವುದರಿಂದಲೇ ಪರೀಕ್ಷೆಯು ದಾರಿತಪ್ಪುವುದು.

ಮೊದಲನೆಯದು, ನಿಧಾನ. ನೇಗಿಲು ಏಳುವುದು, ಆದರೆ ತಡೆದು ತಡೆದು ಏಳುವುದು. ಇಲ್ಲಿ ತೈಲವು ಸಾಕಷ್ಟು ಬರುತ್ತಿಲ್ಲವೆಂದು ತಿಳಿಯಬೇಕು. ಕೋಶದಲ್ಲಿ ತೈಲ ಕಡಿಮೆಯಾಗಿರಬಹುದು. ಹೀರುವ ಜಾಲರಿ ಕಸದಿಂದ ಕಟ್ಟಿರಬಹುದು. ಹೀರುವ ಕೊಳವೆಯ ಸಂದಿನಲ್ಲಿ ಗಾಳಿ ನುಗ್ಗುತ್ತಿರಬಹುದು. ಕಡೆಗೆ ಪಂಪೇ ಸವೆದಿರಬಹುದು. ಹೀರುವ ಪಕ್ಕದ ಸಂದಿನಿಂದ ತೈಲ ಹೊರಕ್ಕೆ ಸೋರುವುದಕ್ಕಿಂತ ಗಾಳಿ ಒಳಕ್ಕೆ ಹೋಗುವುದೇ ಹೆಚ್ಚಾದುದರಿಂದ, ಹೊರಗೆ ಜಿಡ್ಡಿಲ್ಲವೆಂಬ ಮಾತ್ರಕ್ಕೆ ಆ ಸಂದು ಭದ್ರವೆಂದು ನಂಬಬಾರದು. ಗಾಳಿ ಸೇರಿದಾಗ ಪಂಪು ಕೊರಗಿದಂತೆ ಶಬ್ದ ಮಾಡುವುದು, ತೈಲ ನೊರೆಯೇಳುವುದು, ನೇಗಿಲು ಜಗ್ಗಿ ಜಗ್ಗಿ ಏಳುವುದು.

ಎರಡನೆಯದು, ದೌರ್ಬಲ್ಯ. ಬರಿಯ ತೋಳುಗಳು ಸಲೀಸಾಗಿ ಏಳುವುವು, ನೇಗಿಲನ್ನು ಕಟ್ಟಿದರೆ ಏಳವು. ಇಲ್ಲಿ ತೈಲ ಬರುತ್ತಿದೆ, ಒತ್ತಡ ಕಟ್ಟುತ್ತಿಲ್ಲ. ಕೋಡಿಕವಾಟದ ಸ್ಪ್ರಿಂಗು ಸೋತಿರಬಹುದು, ಅಥವಾ ಅದರ ಪೀಠದ ಮೇಲೆ ಕಸದ ಕಣವೊಂದು ಸಿಕ್ಕಿ ಕವಾಟ ಮುಚ್ಚದೆ ಇರಬಹುದು. ತೈಲ ತಣ್ಣಗಿರುವಾಗ ಎತ್ತಿ, ಬಿಸಿಯಾದ ಮೇಲೆ ಎತ್ತದಿದ್ದರೆ ಸವಕಳಿಯ ಅನುಮಾನ ಬಲವಾಗುವುದು. ಏಕೆಂದರೆ ಬಿಸಿಯಾಗಿ ತೆಳುವಾದ ತೈಲವು ಸವೆದ ಎಡೆಗಳಲ್ಲಿ ಸುಲಭವಾಗಿ ನುಸುಳಿಹೋಗುವುದು.

ಮೂರನೆಯದು, ಕುಸಿತ. ನೇಗಿಲು ಚೆನ್ನಾಗಿ ಏಳುವುದು, ಆದರೆ ಎತ್ತಿದ ಮಟ್ಟದಲ್ಲಿ ನಿಲ್ಲದು. ಎಂಜಿನ್ನು ನಿಂತೊಡನೆ ಬೇಗನೆ ಕೆಳಗಿಳಿಯುವುದು. ಎಂಜಿನ್ನು ನಡೆಯುತ್ತಿದ್ದರೆ ತಲೆದೂಗುವಂತೆ ಮೇಲೆ ಕೆಳಗೆ ಆಡುತ್ತಿರುವುದು. ಈ ತಲೆದೂಗಾಟಕ್ಕೆ ಕಾರಣವೇನೆಂದರೆ, ಸೋರಿಕೆಯಿಂದ ನೇಗಿಲು ತುಸು ಇಳಿದೊಡನೆ ಕವಾಟವು ಅದನ್ನರಿತು ಮತ್ತೆ ತೈಲವನ್ನು ಬಿಟ್ಟು ಎತ್ತುವುದು. ಮತ್ತೆ ಸೋರುವುದು, ಮತ್ತೆ ಎತ್ತುವುದು. ಇಂತಹ ಯಂತ್ರದಲ್ಲಿ ಪಂಪು ಸ್ವಸ್ಥವಾಗಿದೆಯೆಂಬುದಕ್ಕೆ ಈ ಆಟವೇ ಸಾಕ್ಷಿ. ದೋಷವು ಪಿಸ್ಟನ್ನಿನ ರಬ್ಬರಿನ ಉಂಗುರದಲ್ಲಿಯೋ ಕವಾಟದಲ್ಲಿಯೋ ಇರಬೇಕು. ಇಳಿಯುವ ವೇಗವನ್ನು ನಿಯಮಿಸುವ ಗುಬುಟು ಪೂರ್ಣವಾಗಿ ಮುಚ್ಚುವಂತಹುದಾದರೆ ಇವೆರಡನ್ನೂ ಬೇರ್ಪಡಿಸಬಹುದು: ಅದನ್ನು ಮುಚ್ಚಿದ ಮೇಲೆ ಕುಸಿತ ನಿಂತರೆ ಸೋರಿಕೆ ಕವಾಟದ ಕಡೆಯದು, ನಿಲ್ಲದಿದ್ದರೆ ಉರುಳೆಯ ಕಡೆಯದು.

ನೇಗಿಲು ಸ್ವಲ್ಪವೂ ಏಳದೆ ಇದ್ದಾಗ ಕಿವಿಯೇ ಮೊದಲ ಉಪಕರಣ. ಕೈಪಿಡಿಯನ್ನು ಮೇಲೆ ಮಾಡಿದೊಡನೆ ಎಂಜಿನ್ನಿನ ಧ್ವನಿ ಭಾರವಾಗಿ ಕೋಡಿಕವಾಟ ಚೀರಿದರೆ, ಪಂಪು ಒತ್ತಡವನ್ನು ಕಟ್ಟುತ್ತಿದೆ, ಮುಂದೆಲ್ಲಿಯೋ ದಾರಿ ಕಟ್ಟಿದೆ ಇಲ್ಲವೆ ಹೊರೆ ಮಿತಿಮೀರಿದೆ ಎಂದರ್ಥ. ಏನೊಂದು ಧ್ವನಿಭೇದವೂ ಇಲ್ಲದಿದ್ದರೆ ತೈಲ ಅಲ್ಲಿಗೆ ಬರುತ್ತಲೇ ಇಲ್ಲ, ಅಥವಾ ಬಂದುದು ಒತ್ತಡವಿಲ್ಲದೆ ಮರಳುತ್ತಿದೆ ಎಂದರ್ಥ.

೫. ತೈಲದ ಬಣ್ಣವೂ ನಾಡಿನ ಕಾರಣಗಳೂ

ವೈದ್ಯನು ನಾಲಗೆಯನ್ನು ನೋಡುವಂತೆ ಪರೀಕ್ಷಕನು ಅಳತೆಗೋಲಿಗಂಟಿದ ತೈಲವನ್ನು ನೋಡಬೇಕು. ಮಜ್ಜಿಗೆಯಂತೆ ಬೆಳ್ಳಗಾಗಿದ್ದು, ನಿಲ್ಲಿಸಿಟ್ಟರೂ ತಿಳಿಯಾಗದಿದ್ದರೆ ನೀರು ಸೇರಿದೆ. ನೊರೆಯಿದ್ದು ಕೆಲವು ಹೊತ್ತಿನಲ್ಲಿ ತಿಳಿಯಾದರೆ ಗಾಳಿ ಸೇರಿದೆ. ಕಪ್ಪಾಗಿ ಸುಟ್ಟ ವಾಸನೆಯಿದ್ದರೆ ಅತಿಯಾಗಿ ಕಾದಿದೆ. ಬಿಸಿಲಿಗೆ ಹಿಡಿದಾಗ ಲೋಹದ ಮಿನುಗು ಕಂಡರೆ ಒಳಗೆ ಯಾವುದೋ ಅಂಗ ಸವೆಯುತ್ತಿದೆ.

ಆಯನೂರಿನಂತಹ ಅರೆಮಲೆನಾಡಿನಲ್ಲಿ ನೀರಿನ ಕಾಟಕ್ಕೆ ವಿಶೇಷ ಕಾರಣವುಂಟು. ನಾಟಿಗೆ ಮೊದಲು ಕೆಸರುಗದ್ದೆ ಮಾಡುವಾಗ ಟ್ರಾಕ್ಟರು ಕಬ್ಬಿಣದ ಪಂಜರಚಕ್ರಗಳನ್ನು ತೊಟ್ಟು ಗಂಟೆಗಟ್ಟಲೆ ನೀರಿನಲ್ಲಿ ನಡೆಯುವುದು. ಹಿಂದಿನ ಅಚ್ಚಿನ ತೈಲಬಂಧಗಳು ಸವೆದಿದ್ದರೆ ಕೆಸರುನೀರು ಒಳಕ್ಕೆ ಹೋಗುವುದು. ಅನೇಕ ಟ್ರಾಕ್ಟರುಗಳಲ್ಲಿ ಗೇರುಗಳಿಗೂ ಎತ್ತುವ ಏರ್ಪಾಡಿಗೂ ಒಂದೇ ತೈಲವಾದುದರಿಂದ, ಅಚ್ಚಿನಲ್ಲಿ ಹೊಕ್ಕ ನೀರು ಪಂಪಿಗೂ ಕವಾಟಕ್ಕೂ ತಲುಪುವುದು. ಕಾದ ಯಂತ್ರದ ಮೇಲೆ ಮಳೆ ಸುರಿದಾಗಲೂ, ರಾತ್ರಿಯ ತಂಪಿನಲ್ಲಿಯೂ ಒಳಗಿನ ಗಾಳಿ ಕುಗ್ಗಿ ಹೊರಗಿನ ತೇವವನ್ನು ಹೀರಿಕೊಳ್ಳುವುದು. ಬತ್ತದ ನಾಟಿ ಮುಗಿದ ಬಳಿಕ ತೈಲವನ್ನು ಒಮ್ಮೆ ನೋಡುವ ಪದ್ಧತಿಯನ್ನಿಟ್ಟುಕೊಂಡರೆ ಬೇಸಗೆಯ ಉಳುಮೆಯ ಹೊತ್ತಿಗೆ ಬರುವ ಎಷ್ಟೋ ತೊಂದರೆಗಳು ತಪ್ಪುವುವು.

ಎರಡನೆಯ ಕಾರಣ ಗಾಡಿ. ಮಣ್ಣು, ಗೊಬ್ಬರ, ಜಲ್ಲಿಗಳನ್ನು ಸಾಗಿಸುವ ಗಾಡಿಯನ್ನು ಹಿಂದಕ್ಕೆ ಮಗುಚಲು ಅದರ ಅಡಿಯಲ್ಲೊಂದು ಉರುಳೆಯಿರುವುದು. ಅದಕ್ಕೆ ತೈಲವು ಟ್ರಾಕ್ಟರಿನಿಂದಲೇ ಬರುವುದು. ಗಾಡಿ ಮೇಲೆದ್ದಾಗ ಹಲವು ಲೀಟರುಗಳು ಅದರ ಉರುಳೆಗೆ ಹೋಗಿ, ಕೋಶದಲ್ಲಿ ತೈಲದ ಮಟ್ಟ ಹೀರುಬಾಯಿಗಿಂತ ಕೆಳಗಿಳಿಯಬಹುದು. ಇಳಿಜಾರಿನಲ್ಲಿ ನಿಂತಿದ್ದರೆ ಇದು ಇನ್ನೂ ಬೇಗ ಆಗುವುದು. ಅಲ್ಲದೆ ಒಂದೇ ಗಾಡಿಯನ್ನು ಹಲವು ಟ್ರಾಕ್ಟರುಗಳಿಗೆ ಕಟ್ಟುವ ವಾಡಿಕೆಯಿರುವುದರಿಂದ, ಒಂದರ ಕೊಳೆತೈಲ ಗಾಡಿಯ ಉರುಳೆಯಲ್ಲಿ ಉಳಿದು ಮತ್ತೊಂದಕ್ಕೆ ಸೇರುವುದು. ಕೊಳವೆಯ ತುದಿಗೆ ಮುಚ್ಚಳವಿಲ್ಲದೆ ಅದು ಧೂಳಿನಲ್ಲಿ ಎಳೆದಾಡಿದರೆ ಹೇಳುವುದೇ ಬೇಡ. ಕವಾಟದ ತಿರುಳಿಗೂ ಗೂಡಿಗೂ ನಡುವಣ ಎಡೆಯು ತಲೆಗೂದಲಿನ ದಪ್ಪಕ್ಕಿಂತ ಬಹಳ ಕಿರಿದಾದುದರಿಂದ, ಕಣ್ಣಿಗೆ ಕಾಣದ ಮಣ್ಣಿನ ಕಣವೂ ಅಲ್ಲಿ ಗೀರೆಳೆಯಲು ಸಾಕು.

೬. ತೈಲದ್ದಲ್ಲದ ದೋಷ

ತೈಲಬಲದ ಮೇಲೆ ಹೊರಿಸುವ ತಪ್ಪುಗಳಲ್ಲಿ ಕೆಲವು ಅದರವಲ್ಲ. ನೇಗಿಲು ಆಳಕ್ಕೆ ಇಳಿಯದಿದ್ದರೆ ಮೊದಲು ಕುಳದ ಮೊನೆಯನ್ನು ನೋಡಬೇಕು. ಬಾಡಿಗೆಗೆ ಅಲೆಯುವ ನೇಗಿಲಿನ ಕುಳ ಮೊಂಡಾಗಿರುವುದು ಸಾಮಾನ್ಯ. ಮೇಲಿನ ಕೊಂಡಿ ಉದ್ದವಾಗಿದ್ದರೆ ಕುಳದ ಮೂಗು ಮೇಲಕ್ಕೆದ್ದು ನೆಲವನ್ನು ಕಚ್ಚದು. ಅದನ್ನು ಕೆಲವು ಸುತ್ತು ಗಿಡ್ಡ ಮಾಡಿದರೆ ದೋಷ ನಿವಾರಣೆಯಾಗುವುದು. ಗಟ್ಟಿನೆಲದಲ್ಲಿ ನೇಗಿಲು ಮತ್ತೆ ಮತ್ತೆ ಮೇಲಕ್ಕೆ ಹಾರಿದರೆ, ಎಳೆತವನ್ನರಿಯುವ ಕೈಪಿಡಿಯನ್ನು ಅತಿ ಸೂಕ್ಷ್ಮವಾಗಿ ಇಟ್ಟಿರಬಹುದು. ಮಟ್ಟವನ್ನು ನಿಲ್ಲಿಸುವ ಕೈಪಿಡಿ ಬೇರೆ, ಎಳೆತವನ್ನರಿಯುವ ಕೈಪಿಡಿ ಬೇರೆ. ಸಾರಿಗೆಗೂ ಮಟ್ಟಮಾಡುವುದಕ್ಕೂ ಮೊದಲನೆಯದು, ಉಳುಮೆಗೆ ಎರಡನೆಯದು. ಇವುಗಳ ವ್ಯತ್ಯಾಸವನ್ನರಿಯದ ಹೊಸ ಚಾಲಕನು ಸ್ವಸ್ಥವಾದ ಯಂತ್ರವನ್ನು ದುರಸ್ತಿಗೆ ಒಯ್ಯುವುದುಂಟು.

೭. ಪರೀಕ್ಷೆಯ ಕ್ರಮ

ಇದುವರೆಗೆ ಹೇಳಿದುದನ್ನು ಕ್ರಮಪಡಿಸಿದರೆ ಹೀಗಾಗುವುದು. ಮೊದಲು ಏನೂ ಬಿಚ್ಚದೆ ನೋಡತಕ್ಕವು: ಕೈಪಿಡಿಗಳೂ ಅವುಗಳ ಸಲಾಕೆಗಳೂ ಸರಿಯಾಗಿ ಕೂಡಿವೆಯೆ, ತೈಲವನ್ನು ಗಾಡಿಯ ಕಡೆಗೆ ತಿರುಗಿಸುವ ನಲ್ಲಿ ಹಾಗೆಯೇ ಉಳಿದಿದೆಯೆ, ಇಳಿವೇಗದ ಗುಬುಟು ಮುಚ್ಚಿದೆಯೆ, ಕ್ಲಚ್ಚಿನ ಮೂಲಕ ಪಂಪು ನಡೆಯುವ ಟ್ರಾಕ್ಟರಾದರೆ ಅದು ಹಿಡಿದಿದೆಯೆ. ಬಳಿಕ ಸಮನೆಲದಲ್ಲಿ ತೈಲದ ಮಟ್ಟವನ್ನೂ ಬಣ್ಣವನ್ನೂ ನೋಡಬೇಕು. ಆಮೇಲೆ ಜಾಲರಿಯನ್ನು ತೆಗೆದು ತೊಳೆಯಬೇಕು ಇಲ್ಲವೆ ಬದಲಿಸಬೇಕು; ಹೀರುವ ಸಂದುಗಳನ್ನು ಬಿಗಿಮಾಡಬೇಕು. ಇಷ್ಟರಲ್ಲಿ ಗುಣ ಕಾಣದಿದ್ದರೆ ಒತ್ತಡಮಾಪಕವನ್ನು ಹೊರಕೊಳವೆಯ ಬಾಯಿಗೆ ಜೋಡಿಸಿ, ತೈಲವು ಕಾದ ಮೇಲೆ ಅಂಕಿಯನ್ನೋದಿ, ಯಂತ್ರದ ಕೈಹೊತ್ತಗೆಯಲ್ಲಿ ಕೊಟ್ಟಿರುವ ಅಂಕಿಯೊಡನೆ ಹೋಲಿಸಬೇಕು. ಒತ್ತಡ ಸರಿಯಾಗಿದ್ದರೆ ಪಂಪೂ ಕೋಡಿಕವಾಟವೂ ನಿರ್ದೋಷವೆಂದು ತಿಳಿದು ಉರುಳೆಯ ಕಡೆಗೆ ಹೋಗಬೇಕು. ಒತ್ತಡ ಕಡಿಮೆಯಾಗಿದ್ದರೆ ಮೊದಲು ಕೋಡಿಕವಾಟವನ್ನು ಬಿಚ್ಚಿ ತೊಳೆದು, ಮತ್ತೆ ಅಳೆದು, ಆಗಲೂ ಏರದಿದ್ದರೆ ಮಾತ್ರ ಪಂಪನ್ನು ಮುಟ್ಟಬೇಕು. ಯಾವ ಅಂಗವನ್ನು ಬದಲಿಸಿದರೂ ತೈಲವನ್ನೂ ಜಾಲರಿಯನ್ನೂ ಬದಲಿಸದೆ ಕೆಲಸ ಮುಗಿಯಿತೆನ್ನಬಾರದು.

ಕೋಡಿಕವಾಟದ ಸ್ಪ್ರಿಂಗಿನಡಿಯಲ್ಲಿ ಬಿಲ್ಲೆಗಳನ್ನು ಸೇರಿಸಿ ಒತ್ತಡವನ್ನು ಮಿತಿಗಿಂತ ಏರಿಸುವ ಕ್ರಮವು ಸರ್ವಥಾ ತ್ಯಾಜ್ಯ. ಸವೆದ ಯಂತ್ರಕ್ಕೆ ಇದರಿಂದ ಕೆಲವು ದಿನ ಬಲ ಬಂದಂತೆ ತೋರಬಹುದು. ಆದರೆ ಕೋಡಿಯನ್ನು ಕಟ್ಟಿದ ಕೆರೆಯ ಗತಿ ಏನಾಗುವುದೋ ಅದಕ್ಕೂ ಅದೇ ಗತಿ.

೮. ಪ್ರಾಣಾಪಾಯದ ಎಚ್ಚರ

ಮೇಲೆತ್ತಿದ ನೇಗಿಲನ್ನು ಹಿಡಿದಿರುವುದು ಒಂದು ರಬ್ಬರಿನ ಉಂಗುರ ಮತ್ತು ಅದರ ಹಿಂದಿನ ತೈಲ ಮಾತ್ರ. ಉಂಗುರ ಹರಿದರೂ ಕೊಳವೆ ಒಡೆದರೂ, ಅಷ್ಟೇ ಏಕೆ, ಪಕ್ಕದಲ್ಲಿ ಆಡುವ ಮಗುವು ಕೈಪಿಡಿಯನ್ನು ಮುಟ್ಟಿದರೂ, ನೂರಾರು ಕಿಲೋಗ್ರಾಮಿನ ಉಕ್ಕು ಕ್ಷಣದಲ್ಲಿ ಕೆಳಗೆ ಬೀಳುವುದು. ಆದುದರಿಂದ ಕುಳವನ್ನು ಬದಲಿಸುವಾಗಲಾಗಲಿ ದೋಷವನ್ನು ನೋಡುವಾಗಲಾಗಲಿ ಮರದ ದಿಮ್ಮಿಗಳ ಭದ್ರವಾದ ಆಸರೆಯಿಲ್ಲದೆ ಯಾರೂ ಅದರಡಿಗೆ ಹೋಗಬಾರದು. ಗಾಡಿಯ ಮಗುಚುವ ಪೆಟ್ಟಿಗೆಯ ವಿಷಯದಲ್ಲಿಯೂ ಇದೇ ನಿಯಮ. ಕೊಳವೆಯ ಸಂದನ್ನು ಬಿಚ್ಚುವುದಕ್ಕೆ ಮೊದಲು ನೇಗಿಲನ್ನು ನೆಲಕ್ಕಿಳಿಸಿ, ಎಂಜಿನ್ನನ್ನು ನಿಲ್ಲಿಸಿ, ಕೈಪಿಡಿಯನ್ನು ಎರಡು ಮೂರು ಬಾರಿ ಆಡಿಸಿ ಉಳಿದ ಒತ್ತಡವನ್ನು ಕಳೆಯಬೇಕು.

ಇನ್ನೊಂದು ಅಪಾಯವು ಕಣ್ಣಿಗೆ ಕಾಣದು. ಒತ್ತಡದ ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಾದರೆ ಅಲ್ಲಿಂದ ಹೊರಡುವ ತೈಲದ ಎಳೆಯು ಚರ್ಮವನ್ನು ಭೇದಿಸಿ ಒಳಗಿನ ಮಾಂಸವನ್ನು ಸೇರಬಲ್ಲುದು. ಹೊರಗಿನ ಗಾಯ ಮುಳ್ಳು ಚುಚ್ಚಿದಂತೆ ಅಲ್ಪವಾಗಿರುವುದು. ನೋವೂ ಮೊದಲು ಹೆಚ್ಚಿರದು. ಆದರೆ ಕೆಲವು ಗಂಟೆಗಳೊಳಗೆ ಶಸ್ತ್ರವೈದ್ಯನು ಗಾಯವನ್ನು ತೆರೆದು ತೊಳೆಯದಿದ್ದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುವ ಸಂಭವವುಂಟು. ಸೋರಿಕೆಯನ್ನು ಬರಿಗೈಯಿಂದ ತಡವಿ ಹುಡುಕದೆ ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಗಾಯವಾದರೆ ಅರಿಸಿನ ಹಚ್ಚಿ ಮನೆಯಲ್ಲಿ ಕೂರದೆ ಕೂಡಲೆ ಶಿವಮೊಗ್ಗೆಯ ದೊಡ್ಡ ಆಸ್ಪತ್ರೆಗೆ ಹೋಗಿ, ಒತ್ತಡದ ತೈಲ ಚುಚ್ಚಿದೆಯೆಂದು ಸ್ಪಷ್ಟವಾಗಿ ಹೇಳಬೇಕು.

೯. ಉಪಸಂಹಾರ

ಇಲ್ಲಿ ನಿರೂಪಿಸಿದ ಕ್ರಮವು ಆಯನೂರಿನ ಹೊಲಕ್ಕೆ ಮಾತ್ರ ಸಲ್ಲುವುದಲ್ಲ. ಹಿಮಾಲಯದ ಜೋಜಿಲಾ, ರೋಹ್ತಾಂಗ್ ಮೊದಲಾದ ಕಣಿವೆಗಳ ರಸ್ತೆಗಳಲ್ಲಿ ೧೯೬೦ರಲ್ಲಿ ಸ್ಥಾಪಿತವಾದ ಗಡಿ ರಸ್ತೆಗಳ ಸಂಸ್ಥೆಯವರು ಹಿಮವನ್ನು ಸರಿಸುತ್ತಾರೆ. ಚಳಿದೇಶಗಳಲ್ಲಿ ಲಾರಿಯ ಮುಂದೆ ಅಗಲವಾದ ಉಕ್ಕಿನ ಅಲಗನ್ನು ಕಟ್ಟಿ ಹಿಮವನ್ನು ಉಳುವಂತೆ ದಬ್ಬುವ ರೂಢಿಯುಂಟು. ಆ ಅಲಗನ್ನು ಎತ್ತಿಳಿಸುವುದೂ ಇದೇ ತೈಲಬಲ. ಅಲ್ಲಿ ಶೀತದಿಂದ ತೈಲ ಮಂದವಾಗಿ ಪಂಪಿಗೆ ಹೀರಲಾಗದು. ತೈಲದೊಳಗಿನ ನೀರು ಗಡ್ಡೆಕಟ್ಟಿ ಜಾಲರಿಯನ್ನೂ ಕವಾಟವನ್ನೂ ಬಂಧಿಸುವುದು. ಇಲ್ಲಿ ಬೇಸಗೆಯ ಕಾವಿನಿಂದ ತೈಲ ತೆಳುವಾಗಿ ಸವೆದ ಎಡೆಗಳಲ್ಲಿ ಜಾರಿಹೋಗುವುದು. ನೀರು ಕೆಸರಾಗಿ ಬರುವುದು. ಲಕ್ಷಣಗಳು ಮಾತ್ರ ಅವೇ ಮೂರು: ನಿಧಾನ, ದೌರ್ಬಲ್ಯ, ಕುಸಿತ. ಹಿಮವಾಗಲಿ ಕೆಂಪುಮಣ್ಣಾಗಲಿ, ತೈಲ ನಡೆಯುವ ದಾರಿ ಒಂದೇ.

ಈ ಪರೀಕ್ಷೆಗೆ ಬೇಕಾದ ಉಪಕರಣಗಳು ಅಲ್ಪ: ಒಂದು ಅಳತೆಗೋಲು, ಒಂದು ಶುಭ್ರವಾದ ಬಟ್ಟೆ, ಒಂದು ಒತ್ತಡಮಾಪಕ, ಆಸರೆಗೆ ಎರಡು ದಿಮ್ಮಿ, ಮತ್ತು ಆತುರಪಡದ ಮನಸ್ಸು. ಹೋಬಳಿಗೊಂದು ಒತ್ತಡಮಾಪಕವನ್ನು ಟ್ರಾಕ್ಟರುಗಳ ಒಡೆಯರು ಸೇರಿ ಕೊಂಡಿಟ್ಟುಕೊಂಡರೂ, ಪಂಪಿನ ಬೆಲೆಯೊಡನೆ ಹೋಲಿಸಿದರೆ ಅದರ ವೆಚ್ಚ ಅತ್ಯಲ್ಪವಾಗುವುದು. ಮೃಗಶಿರ ಮಳೆಯ ಹದವು ದುರಸ್ತಿಗಾಗಿ ಕಾಯುವುದಿಲ್ಲ. ಆ ಮಳೆ ಬರುವುದಕ್ಕೆ ಮೊದಲೇ, ಬೇಸಗೆಯ ಬಿಡುವಿನಲ್ಲಿ, ತೈಲವನ್ನೂ ಜಾಲರಿಯನ್ನೂ ನೋಡಿಟ್ಟವನ ನೇಗಿಲು ಹದದ ದಿನ ಹೊಲದಲ್ಲಿರುವುದು.